ಮರೆಯಲ್ಲಿ ಉಳಿದ ಮಹನೀಯ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಹೊರನಾಡಿನಲ್ಲಿ ನೆಲೆ ನಿಂತ ನಮ್ಮ ಕನ್ನಡ ಕುಟುಂಬಗಳ ಪಾಲಿಗೆ ಜೈವಿಕ ತಂತ್ರಜ್ಞಾನವೆಂಬ ಮಾತು ಇಂದು ಅಪರಿಚಿತವಾದುದಲ್ಲ. ಮಗನೋ ಮಗಳೋ ಆ ವಿಷಯವನ್ನು ಅಭ್ಯಾಸ ಮಾಡುತ್ತಿದ್ದರೆ ಪ್ಲಾಸ್ಮಿಡ್, ಟೆಟ್ರಾಸೈಕ್ಲಿನ್ ನಿರೋಧಕ ಗುರುತು ಮುಂತಾದ ಪದಗಳು ಮನೆಯವರ ಕಿವಿಗೂ ಬೀಳುತ್ತವೆ. ಆದರೆ ಟೆಟ್ರಾಸೈಕ್ಲಿನ್ ಕುಲದ ಮೊತ್ತಮೊದಲ ಔಷಧವು ಜಗತ್ತಿಗೆ ದೊರೆತ ಪ್ರಯೋಗಶಾಲೆಯ ಚುಕ್ಕಾಣಿ ಹಿಡಿದಿದ್ದವರು ಒಬ್ಬ ಭಾರತೀಯರು, ಅದರಲ್ಲೂ ನಮ್ಮ ನೆರೆಯ ತೆಲುಗು ನಾಡಿನವರು ಎಂಬ ಸಂಗತಿ ಆ ಮಕ್ಕಳಲ್ಲಿಯೂ ಬಹುಮಂದಿಗೆ ತಿಳಿದಿರಲಾರದು. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್. ಆ ಮಹನೀಯರ ಬಾಳಿನ ಪರಿಚಯವನ್ನು ಓದುಗರ ಮುಂದಿರಿಸುವುದು ನಮ್ಮ ಉದ್ದೇಶ.

ಸುಬ್ಬರಾಯರು ಜನಿಸಿದ್ದು 1895ರ ಜನವರಿ 12ರಂದು, ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಭೀಮಾವರಂನಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಬಡತನ, ತಂದೆಯವರ ನಿಧನದಿಂದ ಅದು ಮತ್ತಷ್ಟು ಬಿಗಿಯಾಯಿತು. ಹುಡುಗನಿಗೋ ಓದಿನಲ್ಲಿ ಆಸಕ್ತಿ ಅಷ್ಟಕ್ಕಷ್ಟೇ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುತ್ತೇನೆಂದು ಬಾಲ್ಯದಲ್ಲಿ ಮನೆ ಬಿಟ್ಟು ಹೊರಟಿದ್ದನಂತೆ. ತಾಯಿ ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಸೇರಿಸಿದರು. ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಯತ್ನದಲ್ಲಿ ತೇರ್ಗಡೆಯಾದ. ಮಗನನ್ನು ಓದಿಸಲು ಆ ತಾಯಿ ತಮ್ಮ ಒಡವೆಗಳನ್ನೂ ಮಾರಿದರು. ಒಂದೆರಡು ಸಲ ಅಂಕ ಕಡಿಮೆಯಾದ ಮಾತ್ರಕ್ಕೆ ಮಕ್ಕಳ ಭವಿಷ್ಯವೇ ಮುಳುಗಿತೆಂದು ಕೊರಗುವ ಪಾಲಕರು ಈ ಸಂಗತಿಯನ್ನು ಗಮನಿಸಬೇಕು.

ತರುಣ ಸುಬ್ಬರಾಯರ ಮನಸ್ಸು ರಾಮಕೃಷ್ಣ ಆಶ್ರಮದ ಕಡೆಗೆ ವಾಲಿತ್ತು. ಸಂನ್ಯಾಸ ಸ್ವೀಕರಿಸುವ ಹಂಬಲಕ್ಕೆ ತಾಯಿಯ ಸಮ್ಮತಿ ದೊರೆಯಲಿಲ್ಲ. ಕೊನೆಗೆ ಸೇವೆಗೆ ಮತ್ತೊಂದು ಮಾರ್ಗವೆಂದು ವೈದ್ಯಶಿಕ್ಷಣವನ್ನು ಆರಿಸಿಕೊಂಡು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಆ ವೆಚ್ಚಕ್ಕೆ ನೆರವಾದವರಲ್ಲಿ ಅವರ ಮಾವನವರಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ಒಬ್ಬರು. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಖಾದಿಯ ಉಡುಪನ್ನು ಧರಿಸಿ ಕಾಲೇಜಿಗೆ ಹೋದುದು ಶಸ್ತ್ರಚಿಕಿತ್ಸಾ ವಿಭಾಗದ ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಅವರ ಕೈಗೆ ಬಂದುದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರ. ಇದರಿಂದ ಸರಕಾರಿ ವೈದ್ಯಸೇವೆಯ ಬಾಗಿಲು ಮುಚ್ಚಿತು. ಅವರು ಮದರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಉಪನ್ಯಾಸಕರಾದರು.

ಈ ಅವಧಿಯ ಒಂದು ದುಃಖವನ್ನು ಹೇಳದೆ ಮುಂದುವರಿಯುವಂತಿಲ್ಲ. ಅಲ್ಪಕಾಲದ ಅಂತರದಲ್ಲಿ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಬಲಿಯಾದರು. ತಿಂದ ಆಹಾರ ಮೈಗೆ ಹತ್ತದೆ, ರಕ್ತ ಕುಂದಿ, ರೋಗಿ ಸೊರಗಿ ಹೋಗುವ ಕಾಯಿಲೆಯದು. ಸುಬ್ಬರಾಯರಿಗೂ ಅದು ತಗಲಿ, ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಗುಣವಾಯಿತು. ಇಂಥ ರೋಗಗಳ ಮೂಲವನ್ನು ಅರಿಯಬೇಕೆಂಬ ಛಲ ಅವರಲ್ಲಿ ಬೇರೂರಿತು. ಆ ಛಲವೇ ಅವರನ್ನು 1920ರ ದಶಕದ ಆರಂಭದಲ್ಲಿ ಅಮೆರಿಕೆಯ ಬಾಸ್ಟನ್ ನಗರಕ್ಕೆ ಕರೆದೊಯ್ದಿತು. ಪತ್ನಿ ಶೇಷಗಿರಿಯವರನ್ನು ಊರಿನಲ್ಲಿ ಬಿಟ್ಟು ಹೊರಟ ಅವರು ಮರಳಿ ತಾಯ್ನಾಡನ್ನು ಕಾಣಲಿಲ್ಲ. ದಂಪತಿಗಳು ಮತ್ತೆ ಭೇಟಿಯಾಗಲೂ ಇಲ್ಲ. ಜಗತ್ತಿಗೆ ದೊರೆತ ಔಷಧಗಳ ಬೆಲೆಯಲ್ಲಿ ಈ ಒಂಟಿ ಬಾಳಿನ ಪಾಲೂ ಸೇರಿದೆಯೆಂಬುದನ್ನು ನಾವು ಮರೆಯಲಾಗದು.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸವನ್ನೂ ಅವರು ಮಾಡಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಮುಗಿಸಿ, ಸೈರಸ್ ಫಿಸ್ಕೆ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಶಾಲೆಯನ್ನು ಸೇರಿದರು. ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯಲು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದ ವಿಧಾನವು ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧವಾಗಿ, ಹಲವು ತಲೆಮಾರಿನ ವಿದ್ಯಾರ್ಥಿಗಳ ಪಠ್ಯವಾಯಿತು. 1927ರಲ್ಲಿ ಸ್ನಾಯುಗಳಲ್ಲಿನ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಎಂಬ ವಸ್ತು ಅವರ ಶೋಧಗಳ ಸಾಲಿಗೆ ಸೇರಿದುವು. ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಚಲಾವಣೆಯ ನಾಣ್ಯವೇ ಈ ಎ.ಟಿ.ಪಿ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅವರೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡರು. 1930ರಲ್ಲಿ ಸುಬ್ಬರಾಯರಿಗೆ ಪಿಎಚ್.ಡಿ. ಪದವಿ ಲಭಿಸಿತು. ಆದರೆ ಕಾಯಂ ಹುದ್ದೆ ಹಾರ್ವರ್ಡಿನಲ್ಲಿ ದೊರೆಯಲಿಲ್ಲ. ತಮ್ಮ ಪಾಲಿನ ಕೀರ್ತಿಗಾಗಿ ಜಗಳವಾಡುವ ಸ್ವಭಾವ ಅವರದಲ್ಲ. ಅವರು ಬೇರ್ಪಡಿಸಿದ್ದ ಕೆಲವು ವಸ್ತುಗಳು ಅಂದು ಬೆಳಕಿಗೆ ಬಾರದೆ ಹೋದುದರಿಂದ, ಮುಂದೆ ಬೇರೆಯವರು ಅವನ್ನು ಹೊಸದಾಗಿ ಶೋಧಿಸಬೇಕಾಯಿತೆಂದು ಅವರ ಸಹೋದ್ಯೋಗಿಯಾಗಿದ್ದು 1988ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಜಾರ್ಜ್ ಹಿಚಿಂಗ್ಸ್ ಸ್ಮರಿಸಿದ್ದಾರೆ.

1940ರಲ್ಲಿ ಸುಬ್ಬರಾಯರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಗೆ ಹೋದರು. ಮುಂದೆ ಅಲ್ಲಿಯ ಸಂಶೋಧನಾ ನಿರ್ದೇಶಕರಾದರು. ಬಳಿಕ ಅವರು ಬದುಕಿದ್ದುದು ಎಂಟೇ ವರ್ಷ. ಆ ಅವಧಿಯಲ್ಲಿ ಅವರ ನೇತೃತ್ವದ ತಂಡಗಳು ಮಾಡಿದ ಕಾರ್ಯ ಬೆರಗು ಹುಟ್ಟಿಸುತ್ತದೆ. 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಲಾಯಿತು. ಸಹೋದರರನ್ನು ಬಲಿ ತೆಗೆದುಕೊಂಡ ಸ್ಪ್ರೂ ರೋಗದ ಚಿಕಿತ್ಸೆಗೆ ಅದು ಒದಗಿತು. ಗರ್ಭಿಣಿಯರಿಗೆ ವೈದ್ಯರು ಇಂದು ಕೊಡುವ ಮಾತ್ರೆಗಳಲ್ಲಿ ಇರುವುದೂ ಅದೇ. ಆ ಆಮ್ಲದ ಕೆಲಸಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ನೀಡಿ, ಆ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಬಲ್ಲುದೆಂದು 1948ರಲ್ಲಿ ತೋರಿಸಿದರು. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೂ ಸಂಧಿವಾತಕ್ಕೂ ಇಂದಿಗೂ ಬಳಕೆಯಲ್ಲಿದೆ. 1947ರಲ್ಲಿ ಪ್ರಕಟವಾದ ಡೈಎಥಿಲ್‌ಕಾರ್ಬಮಝಿನ್ ಆನೆಕಾಲು ರೋಗಕ್ಕೆ ಕಾರಣವಾದ ಹುಳುಗಳ ಮೇಲೆ ಪ್ರಯೋಗವಾಯಿತು. ದಕ್ಷಿಣ ಕನ್ನಡ, ಉಡುಪಿ, ಕಲಬುರಗಿ, ಬೀದರ್ ಮೊದಲಾದ ನಮ್ಮ ಜಿಲ್ಲೆಗಳಲ್ಲಿ ಆ ರೋಗದ ವಿರುದ್ಧ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚಿದ ಡಿ.ಇ.ಸಿ. ಮಾತ್ರೆ ಇದುವೇ.

ಇನ್ನು ಟೆಟ್ರಾಸೈಕ್ಲಿನ್ ಕಥೆ. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ವಿಶ್ವವಿದ್ಯಾಲಯದ ಸೇವೆಯಿಂದ ನಿವೃತ್ತರಾಗಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಲೆಡರ್ಲಿ ಪ್ರಯೋಗಶಾಲೆಗೆ ಬಂದರು. ದೇಶದ ನಾನಾ ಕಡೆಗಳಿಂದ ತರಿಸಿದ ಮಣ್ಣನ್ನು ಅವರು ಪರೀಕ್ಷಿಸುತ್ತಿದ್ದರು. ಮಿಸೌರಿ ವಿಶ್ವವಿದ್ಯಾಲಯದ ಹೊಲದಿಂದ ಬಂದ ಮಣ್ಣಿನಲ್ಲಿ 1945ರಲ್ಲಿ ಹೊಂಬಣ್ಣದ ಒಂದು ಸೂಕ್ಷ್ಮಜೀವಿ ಕಂಡಿತು. ಅದು ಸ್ರವಿಸುವ ವಸ್ತುವು ಬಗೆಬಗೆಯ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತಿತ್ತು. ಬಣ್ಣದ ಕಾರಣ ಅದಕ್ಕೆ ಆರಿಯೊಮೈಸಿನ್ ಎಂದು ಹೆಸರಾಯಿತು. ಕಂಡುಹಿಡಿದ ಕೀರ್ತಿ ಡಗ್ಗರ್ ಅವರದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಶೋಧಕ್ಕೆ ಬೇಕಾದ ವ್ಯವಸ್ಥೆಯನ್ನು ಕಟ್ಟಿ, ತಂಡಗಳನ್ನು ಒಗ್ಗೂಡಿಸಿ ಮುನ್ನಡೆಸಿದವರು ಸುಬ್ಬರಾಯರು. ಆರಿಯೊಮೈಸಿನ್ ಲೋಕಕ್ಕೆ ಪ್ರಕಟವಾದುದು 1948ರಲ್ಲಿ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ನಿದ್ರೆಯಲ್ಲಿರುವಾಗಲೇ ಹೃದಯಸ್ತಂಭನದಿಂದ ತೀರಿಕೊಂಡರು. ಅವರಿಗಾಗ 53 ವರ್ಷ. ಅಮೆರಿಕೆಯ ಪೌರತ್ವವನ್ನು ಅವರು ಪಡೆದಿರಲಿಲ್ಲ. ಸ್ವತಂತ್ರ ಭಾರತವನ್ನು ಕಣ್ಣಾರೆ ನೋಡುವ ಯೋಗವೂ ಅವರಿಗಿರಲಿಲ್ಲ.

ಅವರ ಮರಣಾನಂತರದ ಕಥೆ ಎರಡು ಕವಲಾಗಿ ಹರಿಯುತ್ತದೆ. ಒಂದು ಕವಲು ಎಚ್ಚರಿಕೆಯದು. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯ ಕೆಲವು ಬ್ಯಾಕ್ಟೀರಿಯಾಗಳು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಒಮ್ಮೆಗೇ ಜಗ್ಗದಾದುವು. ಅಲ್ಲಿಯ ವಿಜ್ಞಾನಿಗಳು ಪರಿಶೀಲಿಸಿದಾಗ, ಈ ನಿರೋಧಕ ಶಕ್ತಿಯು ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟುತ್ತಿರುವುದು 1959ರಲ್ಲಿ ಖಚಿತವಾಯಿತು. ಅದನ್ನು ಹೊತ್ತು ಸಾಗುತ್ತಿದ್ದುದು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿದ್ದು, ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ ಡಿ.ಎನ್.ಎ.ಯ ಚಿಕ್ಕ ಬಳೆಯದು. ಆ ಹೆಸರನ್ನು 1952ರಲ್ಲಿ ಇಟ್ಟವರು ಜೋಶುವಾ ಲೆಡರ್‌ಬರ್ಗ್. ಟೆಟ್ರಾಸೈಕ್ಲಿನ್ ಒಳಹೊಕ್ಕರೆ ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ಕೆಲವು ಪ್ಲಾಸ್ಮಿಡ್‌ಗಳಲ್ಲಿರುವ ಜೀನ್, ಒಳಬಂದ ಔಷಧವನ್ನು ಹೊರಕ್ಕೆ ತಳ್ಳುವ ಪಂಪನ್ನೇ ನಿರ್ಮಿಸಿ ಆ ಬ್ಯಾಕ್ಟೀರಿಯಾವನ್ನು ಉಳಿಸುತ್ತದೆ.

ಮತ್ತೊಂದು ಕವಲು ಇದೇ ಶಾಪವನ್ನು ವರವಾಗಿಸಿಕೊಂಡದ್ದು. 1973ರಲ್ಲಿ ಅಮೆರಿಕೆಯ ಸ್ಟ್ಯಾನ್ಲಿ ಕೊಹೆನ್, ಹರ್ಬರ್ಟ್ ಬೋಯರ್ ಮತ್ತು ಸಂಗಡಿಗರು ಪಿಎಸ್‌ಸಿ101 ಎಂಬ ಪ್ಲಾಸ್ಮಿಡ್ಡನ್ನು ಕತ್ತರಿಸಿ, ಅದಕ್ಕೆ ಬೇರೊಂದು ಡಿ.ಎನ್.ಎ. ತುಣುಕನ್ನು ಜೋಡಿಸಿದರು. ಹೀಗೆ ಜೋಡಿಸಿದ ಬಳೆಯು ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವೇ ಕೆಲವನ್ನು ಪ್ರವೇಶಿಸುತ್ತದೆ. ಅವು ಯಾವುವೆಂದು ಪತ್ತೆಹಚ್ಚುವ ಬಗೆ ಹೇಗೆ? ಆ ಪ್ಲಾಸ್ಮಿಡ್ಡಿನಲ್ಲಿ ಟೆಟ್ರಾಸೈಕ್ಲಿನ್ ನಿರೋಧಕ ಜೀನ್ ಇತ್ತು. ಔಷಧ ಬೆರೆಸಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾಗಳನ್ನು ಹರಡಿದರೆ ಪ್ಲಾಸ್ಮಿಡ್ ಪಡೆದವು ಮಾತ್ರ ಬೆಳೆಯುತ್ತವೆ, ಉಳಿದವು ಬೆಳೆಯಲಾರವು. ಹಿಂದೆ ಬ್ಯಾಂಕುಗಳಲ್ಲಿ ಹಿತ್ತಾಳೆಯ ಟೋಕನ್ ಹಿಡಿದವರಿಗಷ್ಟೇ ಕ್ಯಾಶಿಯರ್ ಹಣ ಎಣಿಸಿಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಿರೋಧಕ ಜೀನ್ ಅಂಥ ಟೋಕನ್ ಇದ್ದಂತೆ.

1977ರಲ್ಲಿ ಪ್ರಕಟವಾದ ಪಿಬಿಆರ್322 ಎಂಬ ಪ್ಲಾಸ್ಮಿಡ್ಡಿನಲ್ಲಿ ಆಂಪಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಎರಡರ ನಿರೋಧಕ ಗುರುತುಗಳೂ ಇದ್ದುವು. ಟೆಟ್ರಾಸೈಕ್ಲಿನ್ ಗುರುತಿನ ನಡುವೆ ಹೊಸ ಜೀನನ್ನು ಸೇರಿಸಿದರೆ ಆ ಗುರುತು ಕೆಡುತ್ತದೆ. ಆಂಪಿಸಿಲಿನ್ ತಟ್ಟೆಯಲ್ಲಿ ಬೆಳೆದು ಟೆಟ್ರಾಸೈಕ್ಲಿನ್ ತಟ್ಟೆಯಲ್ಲಿ ಬೆಳೆಯದ ಬ್ಯಾಕ್ಟೀರಿಯಾದಲ್ಲಿ ಹೊಸ ಜೀನ್ ಸೇರಿದೆಯೆಂದು ಹೀಗೆ ಊಹಿಸಬಹುದು. ಇದೇ ಪ್ಲಾಸ್ಮಿಡ್ಡನ್ನು ಬಳಸಿ 1978ರಲ್ಲಿ ಬ್ಯಾಕ್ಟೀರಿಯಾಗಳಿಂದ ಮಾನವ ಇನ್ಸುಲಿನ್ ತಯಾರಿಸಲಾಯಿತು. 1982ರಲ್ಲಿ ಅದು ಅಮೆರಿಕೆಯಲ್ಲಿ ಔಷಧವಾಗಿ ಮಾನ್ಯತೆ ಪಡೆಯಿತು. ಸಕ್ಕರೆ ಕಾಯಿಲೆಯ ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ವಿರಳವಾದ್ದರಿಂದ, ಇದರ ಮಹತ್ವವನ್ನು ವಿವರಿಸಬೇಕಿಲ್ಲ. ಡಿ.ಎನ್.ಎ. ತುಣುಕುಗಳನ್ನು ಬೆಸೆಯಲು ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಟಿ4 ಲೈಗೇಸ್ ಎಂಬ ಕಿಣ್ವಕ್ಕೆ ಶಕ್ತಿ ನೀಡುವುದೂ ಸುಬ್ಬರಾಯರು ಕಂಡ ಅದೇ ಎ.ಟಿ.ಪಿ. ಬೆಸೆಯುವುದಕ್ಕೂ ಆರಿಸುವುದಕ್ಕೂ ಅವರ ಬಾಳಿನ ಕೆಲಸ ಒದಗಿದಂತಾಯಿತು. ಇದಾವುದೂ ಅವರಿಗೆ ತಿಳಿಯುವಂತಿರಲಿಲ್ಲ.

ಎಚ್ಚರಿಕೆಯ ಕವಲನ್ನು ನಾವು ಮರೆಯಬಾರದು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಅಲ್ಲಿಯ ಜನರಿಗೆ ಟೆಟ್ರಾಸೈಕ್ಲಿನ್ ಹಂಚಲಾಯಿತು. ಅದು ಅಗತ್ಯದ ಕೆಲಸವೇ ಆಗಿತ್ತು. ಆದರೆ ಮುಂಬಯಿ, ದಿಲ್ಲಿಗಳಲ್ಲಿ ರೋಗವಿಲ್ಲದವರೂ ಔಷಧದ ಅಂಗಡಿಗಳಿಗೆ ಧಾವಿಸಿ ಗುಳಿಗೆಗಳನ್ನು ಕೊಂಡರು. ಸಣ್ಣ ನೆಗಡಿಗೂ ಆಂಟಿಬಯಾಟಿಕ್ ನುಂಗುವುದು, ಜ್ವರ ಇಳಿದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸುವುದು, ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆದೇ ಇದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ವಿಜ್ಞಾನಿ ಬೇಕೆಂದೇ ಮಾಡುವ ಆಯ್ಕೆಯನ್ನು ನಾವು ಅರಿಯದೆ ನಮ್ಮ ಕರುಳಿನಲ್ಲಿ ಮಾಡುತ್ತೇವೆ: ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಅಳಿದು, ಬಗ್ಗದ್ದು ಉಳಿದು ಬೆಳೆಯುತ್ತದೆ.

ಸುಬ್ಬರಾಯರಿಗೆ ನೊಬೆಲ್ ಪುರಸ್ಕಾರ ಬರಲಿಲ್ಲ. ಸಬ್ಬರೊಮೈಸಿಸ್ ಎಂಬ ಒಂದು ಶಿಲೀಂಧ್ರ ಅವರ ಹೆಸರನ್ನು ಹೊತ್ತಿದೆ. ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತ ಸರಕಾರವು ಅಂಚೆಚೀಟಿಯನ್ನು ಹೊರತಂದು ಅವರನ್ನು ಗೌರವಿಸಿತು. ಅವರು ಹುಟ್ಟಿದ ಜನವರಿ 12 ಸ್ವಾಮಿ ವಿವೇಕಾನಂದರ ಜನ್ಮದಿನವೂ ಹೌದು. ಆ ದಿನವನ್ನು ರಾಷ್ಟ್ರೀಯ ಯುವ ದಿನವೆಂದು ಆಚರಿಸುವ ನಮ್ಮ ಕನ್ನಡ ಸಂಘಗಳು, ಸ್ವಾಮೀಜಿಯವರ ಮಾರ್ಗದಲ್ಲಿ ಸಂನ್ಯಾಸಿಯಾಗಬಯಸಿ, ಪ್ರಯೋಗಶಾಲೆಯಲ್ಲೇ ಒಂಟಿಯಾಗಿ ಬಾಳಿದ ಈ ಸೇವಕನ ಹೆಸರನ್ನೂ ಒಮ್ಮೆ ಮಕ್ಕಳಿಗೆ ಹೇಳಲಿ ಎಂಬುದು ನಮ್ಮ ವಿನಂತಿ.