ಲಂಡನ್ನಿನ ದರೋಡೆ ಗುಂಪುಗಳು ಮತ್ತು ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್

‘ಟಾಮ್ ಜೋನ್ಸ್’ ಎಂಬ ಇಂಗ್ಲಿಷ್ ಕಾದಂಬರಿಯ ಹೆಸರನ್ನು ಹಲವರು ಕೇಳಿರುತ್ತಾರೆ. ಅದನ್ನು ಬರೆದವರು ಹೆನ್ರಿ ಫೀಲ್ಡಿಂಗ್. ಲಂಡನ್ನಿನ ಬೀದಿಗಳಲ್ಲಿ ಗುಂಪು ಕಟ್ಟಿಕೊಂಡು ದರೋಡೆ ಮಾಡುತ್ತಿದ್ದವರನ್ನು ಚದುರಿಸಿದ ಮ್ಯಾಜಿಸ್ಟ್ರೇಟ್ ಕೂಡ ಅವರೇ ಎಂಬುದು ಅಷ್ಟಾಗಿ ತಿಳಿದಿಲ್ಲ. ಕಾಮರ್ಸ್ ಓದುವವರು ಅವರ ಜೀವನವನ್ನು ತಿಳಿಯಬೇಕು. ಏಕೆಂದರೆ ಅಪರಾಧದ ಹಿಂದೆ ಇರುವ ಹಣದ ಲೆಕ್ಕವನ್ನು ಅವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು.

ಫೀಲ್ಡಿಂಗ್ ಹುಟ್ಟಿದ್ದು 1707ರ ಏಪ್ರಿಲ್ 22ರಂದು, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ಈಟನ್ ಶಾಲೆಯಲ್ಲಿ ಓದಿದರು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಹಣವಿಲ್ಲದೆ ಓದು ಮುಗಿಸದೆ ವಾಪಸ್ ಬಂದರು. ಲಂಡನ್ನಿನಲ್ಲಿ ನಾಟಕ ಬರೆದು ಜೀವನ ಮಾಡಿದರು. ಅವುಗಳಲ್ಲಿ ಸರ್ಕಾರವನ್ನು ಗೇಲಿ ಮಾಡುತ್ತಿದ್ದರು. 1737ರಲ್ಲಿ ನಾಟಕಗಳಿಗೆ ಲೈಸೆನ್ಸ್ ಬೇಕೆಂಬ ಕಾನೂನು ಬಂದಾಗ ಆ ದಾರಿ ಮುಚ್ಚಿತು. ಮೂವತ್ತರ ವಯಸ್ಸಿನಲ್ಲಿ, ಹೆಂಡತಿ ಮಕ್ಕಳ ಹೊಣೆ ಹೊತ್ತುಕೊಂಡು, ಅವರು ಮತ್ತೆ ವಿದ್ಯಾರ್ಥಿಯಾದರು. ಕಾನೂನು ಓದಿ 1740ರಲ್ಲಿ ವಕೀಲರಾದರು. 1748ರ ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಮ್ಯಾಜಿಸ್ಟ್ರೇಟ್ ಆಗಿ ನೇಮಕವಾದರು. ಬೋ ಸ್ಟ್ರೀಟಿನ ಮನೆಯೇ ಅವರ ಕೋರ್ಟ್ ಆಯಿತು.

ಆಗ ಲಂಡನ್ನಿನಲ್ಲಿ ಪೊಲೀಸ್ ಇಲಾಖೆಯೇ ಇರಲಿಲ್ಲ. ಪ್ರತಿ ಪ್ಯಾರಿಷ್‌ನಲ್ಲಿ ಸಾಮಾನ್ಯ ನಿವಾಸಿಗಳು ಸರದಿಯಂತೆ ಒಂದು ವರ್ಷ ಸಂಬಳವಿಲ್ಲದೆ ಕಾನ್‌ಸ್ಟೇಬಲ್ ಕೆಲಸ ಮಾಡಬೇಕಿತ್ತು. ರಾತ್ರಿ ಕಾವಲಿಗೆ ಇರುತ್ತಿದ್ದವರಲ್ಲಿ ಅನೇಕರು ಕೈಲಾಗದ ಮುದುಕರು. ದರೋಡೆಕೋರನಿಗೆ ಶಿಕ್ಷೆಯಾದರೆ ಹಿಡಿದುಕೊಟ್ಟವರಿಗೆ 40 ಪೌಂಡ್ ಬಹುಮಾನ ಸಿಗುತ್ತಿತ್ತು. ಕೆಲವೊಮ್ಮೆ ಸರ್ಕಾರ ಅದರ ಮೇಲೆ ಇನ್ನೂ 100 ಪೌಂಡ್ ಘೋಷಿಸುತ್ತಿತ್ತು. ಈ ಆಸೆಗೆ ಬಿದ್ದವರು ಸುಳ್ಳು ಸಾಕ್ಷಿ ಹೇಳಿ ನಿರಪರಾಧಿಗಳನ್ನೂ ನೇಣಿಗೆ ಕಳಿಸುತ್ತಿದ್ದರು. ಮ್ಯಾಜಿಸ್ಟ್ರೇಟರಿಗೂ ಸಂಬಳವಿರಲಿಲ್ಲ, ಪ್ರತಿ ಕೇಸಿನ ಶುಲ್ಕವೇ ಅವರ ಆದಾಯ. ಜಗಳ ಹೆಚ್ಚಾದಷ್ಟೂ ಅವರಿಗೆ ಲಾಭ! ಅಂದರೆ ಅಪರಾಧ ಕಡಿಮೆಯಾದರೆ ನಷ್ಟವಾಗುವ ಜನರ ಕೈಯಲ್ಲೇ ಅಪರಾಧ ತಡೆಯುವ ಕೆಲಸವಿತ್ತು.

ಫೀಲ್ಡಿಂಗ್ ಮೊದಲು ತಮ್ಮ ಆದಾಯವನ್ನೇ ಕಡಿಮೆ ಮಾಡಿಕೊಂಡರು. ಬೀದಿ ಜಗಳದ ಬಡವರನ್ನು ಶುಲ್ಕಕ್ಕಾಗಿ ಕೋರ್ಟಿಗೆ ಎಳೆಯದೆ ರಾಜಿ ಮಾಡಿಸಿ ಕಳಿಸುತ್ತಿದ್ದರು. ಕೈಯಲ್ಲಿ ಕೊನೆಯ ನಾಣ್ಯ ಮಾತ್ರ ಇದ್ದವರಿಂದ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. ವರ್ಷಕ್ಕೆ 500 ಪೌಂಡ್ ಬರುತ್ತಿದ್ದ ಹುದ್ದೆಯ ಆದಾಯ ಸುಮಾರು 300ಕ್ಕೆ ಇಳಿಯಿತು. ಅದರಲ್ಲೂ ಗಣನೀಯ ಪಾಲು ಅವರ ಗುಮಾಸ್ತನಿಗೆ ಹೋಗುತ್ತಿತ್ತು. ಹಲಾಲ್ ಸಂಪಾದನೆ ಎಂದು ನಾವು ಹೇಳುವುದು ಇಂಥದ್ದನ್ನೇ ಅಲ್ಲವೇ?

ನಂತರ ಅವರು ಕೆಲವೇ ನಂಬಿಕಸ್ಥರ ಸಣ್ಣ ತಂಡ ಕಟ್ಟಿದರು. ಇವರಲ್ಲಿ ಹೆಚ್ಚಿನವರು ಅವಧಿ ಮುಗಿಸಿದ್ದ ಕಾನ್‌ಸ್ಟೇಬಲ್‌ಗಳು. ಮುಂದೆ ಇದೇ ತಂಡಕ್ಕೆ ‘ಬೋ ಸ್ಟ್ರೀಟ್ ರನ್ನರ್ಸ್’ ಎಂಬ ಹೆಸರು ಬಂತು. ದರೋಡೆಯಾದ ಕೂಡಲೇ ಕಳ್ಳರ ಚಹರೆ ಮತ್ತು ಕಳೆದ ವಸ್ತುಗಳ ವಿವರವನ್ನು ಬೋ ಸ್ಟ್ರೀಟಿಗೆ ತಿಳಿಸುವಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. 1751ರಲ್ಲಿ ದರೋಡೆ ಹೆಚ್ಚಲು ಕಾರಣಗಳೇನು ಎಂಬುದರ ಮೇಲೆ ಒಂದು ಪುಸ್ತಕ ಬರೆದರು. ಜಿನ್ ಎಂಬ ಅಗ್ಗದ ಮದ್ಯ, ಜೂಜು, ಕದ್ದ ಮಾಲು ಕೊಳ್ಳುವವರು, ಇವೆಲ್ಲವನ್ನೂ ಅದರಲ್ಲಿ ಎತ್ತಿ ತೋರಿಸಿದರು. ಕೊಳ್ಳುವವನಿಲ್ಲದಿದ್ದರೆ ಕಳ್ಳನಿಗೆ ಕದ್ದು ಪ್ರಯೋಜನವಿಲ್ಲ ಎಂಬುದು ಅವರ ವಾದ. ಅವರ ಎಲ್ಲ ಅಭಿಪ್ರಾಯಗಳನ್ನೂ ಇಂದು ಒಪ್ಪಲಾಗದು. ನೇಣು ಶಿಕ್ಷೆಯನ್ನು ಅವರು ವಿರೋಧಿಸಲಿಲ್ಲ, ಬಡವರ ವಿಷಯದಲ್ಲಿ ಕೆಲವೆಡೆ ಕಠಿಣವಾಗಿಯೂ ಬರೆದರು.

1753ರಲ್ಲಿ ಅವರ ಆರೋಗ್ಯ ತೀರಾ ಕೆಟ್ಟಿತ್ತು. ವೈದ್ಯರು ಬಾತ್ ಪಟ್ಟಣಕ್ಕೆ ಹೋಗಿ ಅಲ್ಲಿನ ನೀರಿನ ಚಿಕಿತ್ಸೆ ಪಡೆಯಲು ಹೇಳಿದ್ದರು. ಅದೇ ಸಮಯಕ್ಕೆ ಲಂಡನ್ನಿನಲ್ಲಿ ಒಂದೇ ವಾರದಲ್ಲಿ ಐದು ಕೊಲೆಗಳಾದವು. ಎಲ್ಲವೂ ಬೀದಿ ದರೋಡೆ ಗುಂಪುಗಳ ಕೆಲಸ. ಮಂತ್ರಿಯಾಗಿದ್ದ ಡ್ಯೂಕ್ ಆಫ್ ನ್ಯೂಕ್ಯಾಸಲ್ ಅವರಿಂದ ಕರೆ ಬಂತು. ಫೀಲ್ಡಿಂಗ್ ಪ್ರಯಾಣ ಬಿಟ್ಟು ನಾಲ್ಕೇ ದಿನಗಳಲ್ಲಿ ಯೋಜನೆ ಬರೆದುಕೊಟ್ಟರು. ಬಹುಮಾನಗಳಿಗೆ ಸರ್ಕಾರ ಒಂದೇ ವರ್ಷದಲ್ಲಿ ಸಾವಿರಾರು ಪೌಂಡ್ ಖರ್ಚು ಮಾಡಿದ್ದರೂ ಅಪರಾಧ ಹೆಚ್ಚಿತ್ತು. ಅವರು ಕೇಳಿದ್ದು 600 ಪೌಂಡ್ ಮಾತ್ರ.

ಮೊದಲ ಕಂತಾಗಿ 200 ಪೌಂಡ್ ಬಂತು. ಗುಂಪಿನ ಸುಳಿವು ಕೊಡಲು ಒಪ್ಪಿದ ಒಬ್ಬನಿಗೆ ಸಣ್ಣ ಮೊತ್ತ ಗೊತ್ತುಮಾಡಿದರು. ತಮ್ಮ ತಂಡವನ್ನು ಕಳಿಸಿದರು. ಕೆಲವೇ ದಿನಗಳಲ್ಲಿ ಏಳು ಮಂದಿ ಸೆರೆಯಾದರು, ಉಳಿದವರು ಊರು ಬಿಟ್ಟರು, ಕೆಲವರು ದೇಶವನ್ನೇ ಬಿಟ್ಟರು. ಆ ನವೆಂಬರ್, ಡಿಸೆಂಬರ್‌ನ ಕತ್ತಲೆಯ ದಿನಗಳಲ್ಲಿ ಲಂಡನ್ನಿನಲ್ಲಿ ಅಂಥ ಕೊಲೆ, ದರೋಡೆ ಹೆಚ್ಚುಕಡಿಮೆ ನಿಂತೇಹೋಗಿದ್ದವು.

ಆದರೆ ಹಗಲು ರಾತ್ರಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾ ಕುಳಿತ ಫೀಲ್ಡಿಂಗ್ ಅವರ ದೇಹ ಸೋತಿತ್ತು. ಬಾತ್‌ಗೆ ಹೋಗುವ ಕಾಲ ಮೀರಿತ್ತು. 1754ರ ಬೇಸಿಗೆಯಲ್ಲಿ, ನಡೆಯಲಾಗದ ಸ್ಥಿತಿಯಲ್ಲಿ, ಅವರನ್ನು ಎತ್ತಿಕೊಂಡು ಹೋಗಿ ಹಡಗು ಹತ್ತಿಸಿದರು. ಅಕ್ಟೋಬರ್ 8ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಸಮಾಧಿ ಅಲ್ಲೇ ಇದೆ.

ಅವರ ಕೆಲಸವನ್ನು ಮಲ ಸಹೋದರ ಜಾನ್ ಫೀಲ್ಡಿಂಗ್ ಮುಂದುವರಿಸಿದರು. ಜಾನ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ 1780ರವರೆಗೆ ಬೋ ಸ್ಟ್ರೀಟಿನ ಕೋರ್ಟ್ ನಡೆಸಿದರು. ಲಂಡನ್ನಿಗೆ ವ್ಯವಸ್ಥಿತ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ಕಳ್ಳತನ ಅಂದೂ ನಿಲ್ಲಲಿಲ್ಲ, ಇಂದೂ ನಿಂತಿಲ್ಲ. ಕದ್ದ ಮಾಲು ಕೊಳ್ಳುವವರ ಬಗ್ಗೆ ಫೀಲ್ಡಿಂಗ್ ಬರೆದದ್ದು ಮಾತ್ರ ಹಳತಾಗಿಲ್ಲ. ಬಿಲ್ ಇಲ್ಲದ ಮೊಬೈಲನ್ನು ಅರ್ಧ ಬೆಲೆಗೆ ಯಾರಾದರೂ ತೋರಿಸಿದರೆ, ಉಳಿದ ಅರ್ಧ ಬೆಲೆಯನ್ನು ಯಾರು ಕಳೆದುಕೊಂಡಿರಬಹುದು ಎಂದು ಕೊಳ್ಳುವ ಮೊದಲು ಕೇಳಿಕೊಳ್ಳೋಣ.