ಕರೆಂಟಿಗೆ ಬೆಲೆ ಕಟ್ಟಿದ ಸ್ಯಾಮ್ಯುಯೆಲ್ ಇನ್ಸಲ್

ಒಂದು ಬಡಾವಣೆಯ ಮನೆಗಳು ತಮ್ಮ ತಾರಸಿಯ ಸೋಲಾರ್ ಕರೆಂಟನ್ನು ಅಕ್ಕಪಕ್ಕದವರಿಗೆ ಮಾರಿದರೆ ಬೆಲೆ ಎಷ್ಟಿರಬೇಕು? ಪ್ರಾಜೆಕ್ಟಿಗೆ ಅಂತ ಇಂಥ ಸ್ಥಳೀಯ ಮಾರುಕಟ್ಟೆಯ ಸಿಮ್ಯುಲೇಶನ್ ಬರೆಯೋಕೆ ಕೂತಾಗ ನಮಗೆ ಎಡಿಸನ್, ಟೆಸ್ಲಾ ನೆನಪಾಗ್ತಾರೆ. ನಿಜವಾಗಿ ನೆನಪಾಗಬೇಕಾದವರು ಇನ್ಸಲ್.

ಅವರು ಹುಟ್ಟಿದ್ದು 1859ರಲ್ಲಿ, ಲಂಡನ್ನಿನಲ್ಲಿ. 1881ರಲ್ಲಿ ಎಡಿಸನ್ನರ ಕಾರ್ಯದರ್ಶಿಯಾಗಿ ಅಮೆರಿಕಕ್ಕೆ ಹೋದರು. 1892ರಲ್ಲಿ ಶಿಕಾಗೋ ಎಡಿಸನ್ ಕಂಪನಿಯ ಅಧ್ಯಕ್ಷರಾದರು. ಆ ಊರಲ್ಲಾಗ ಸಣ್ಣಪುಟ್ಟ ವಿದ್ಯುತ್ ಕಂಪನಿಗಳು ಹತ್ತಾರು. ಕರೆಂಟು ಹೆಚ್ಚಾಗಿ ದೀಪಕ್ಕೇ ಬಳಕೆ. ಸಂಜೆ ಎಲ್ಲರಿಗೂ ಒಟ್ಟಿಗೆ ಬೇಕು, ಉಳಿದ ಹೊತ್ತು ಯಂತ್ರಗಳಿಗೆ ಕೆಲಸ ಕಡಿಮೆ. ಕರೆಂಟನ್ನು ಅಕ್ಕಿಯ ಹಾಗೆ ಮೂಟೆ ಕಟ್ಟಿ ಇಡೋಕಾಗಲ್ಲ. ಸಂಜೆಯ ಕೆಲವೇ ತಾಸಿಗಾಗಿ ಹೂಡಿದ ಬಂಡವಾಳಕ್ಕೆ ಬಡ್ಡಿ ಮಾತ್ರ ದಿನವಿಡೀ ಓಡುತ್ತಿತ್ತು.

1894ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿಗೆ ಹೋದಾಗ ಅವರಿಗೆ ಆರ್ಥರ್ ರೈಟ್ ರೂಪಿಸಿದ ಮೀಟರಿನ ಪರಿಚಯವಾಯಿತು. ಗಿರಾಕಿ ಒಮ್ಮೆಗೇ ಅತಿ ಹೆಚ್ಚು ಎಷ್ಟು ಎಳೆದ ಅನ್ನೋದನ್ನ ಅದು ತೋರಿಸುತ್ತಿತ್ತು. ಅದರಿಂದ ಬಿಲ್ಲನ್ನು ಎರಡು ಭಾಗ ಮಾಡೋಕೆ ಸಾಧ್ಯವಾಯಿತು: ಯಂತ್ರ, ತಂತಿಯ ಸಾಮರ್ಥ್ಯಕ್ಕೊಂದು ಪಾಲು, ಬಳಸಿದ ಯೂನಿಟ್ಟಿಗೊಂದು ಪಾಲು. ನಮ್ಮ ಮನೆಯ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಯೂನಿಟ್ ಶುಲ್ಕ ಬೇರೆ ಇರೋದೂ ಇದೇ ಲೆಕ್ಕಾಚಾರದ ಮೇಲೆ.

ಇನ್ಸಲ್ ಇನ್ನೊಂದು ಗುಟ್ಟನ್ನೂ ಹಿಡಿದರು. ಹತ್ತು ಮನೆಗಳ ಗರಿಷ್ಠ ಬೇಡಿಕೆ ತಲಾ 3 ಕಿಲೋವ್ಯಾಟ್ ಅಂದುಕೊಳ್ಳೋಣ. ಎಲ್ಲರ ಗರಿಷ್ಠವೂ ಒಂದೇ ಗಳಿಗೆಗೆ ಬರೋದಿಲ್ಲ, ಹಾಗಾಗಿ 30 ಕಿಲೋವ್ಯಾಟ್ ಬೇಕಾಗಲ್ಲ. ಹಗಲಿಗೆ ಕಾರ್ಖಾನೆ, ಬೆಳಗ್ಗೆ-ಸಂಜೆಗೆ ಟ್ರಾಮು, ರಾತ್ರಿಗೆ ದೀಪ ಅಂತ ಬೇರೆ ಬೇರೆ ಹೊತ್ತಿನ ಗಿರಾಕಿಗಳನ್ನು ಒಂದೇ ಜಾಲಕ್ಕೆ ಸೇರಿಸಿ ದರ ಇಳಿಸಿದರು. 1903ರಲ್ಲಿ ಅವರ ಫಿಸ್ಕ್ ಸ್ಟ್ರೀಟ್ ಸ್ಥಾವರದಲ್ಲಿ 5,000 ಕಿಲೋವ್ಯಾಟಿನ ಉಗಿ ಟರ್ಬೈನ್ ತಿರುಗಿತು. 1907ರಲ್ಲಿ ಕಾಮನ್‌ವೆಲ್ತ್ ಎಡಿಸನ್ ರೂಪುಗೊಂಡಿತು.

ಆಮೇಲೆ ಲೆಕ್ಕ ತಪ್ಪಿತು. ಕಂಪನಿಯ ಮೇಲೆ ಕಂಪನಿ ಕಟ್ಟಿ, ಸಾಲದ ಗೋಪುರವನ್ನೇ ಎಬ್ಬಿಸಿದರು. ಆರ್ಥಿಕ ಕುಸಿತದಲ್ಲಿ, 1932ರಲ್ಲಿ, ಅದು ಉರುಳಿತು. ಷೇರು ಕೊಂಡಿದ್ದ ಸಾಮಾನ್ಯ ಜನರ ಉಳಿತಾಯವೂ ಮುಳುಗಿತು. ಇನ್ಸಲ್ ಗ್ರೀಸಿಗೆ ಹೋದರು. 1934ರಲ್ಲಿ ಅವರನ್ನು ವಾಪಸ್ ಕರೆತಂದು ವಿಚಾರಣೆ ನಡೆಸಿದಾಗ ಖುಲಾಸೆಯಾದರು. 1938ರಲ್ಲಿ ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣವೊಂದರಲ್ಲಿ ತೀರಿಕೊಂಡರು.

ಅವರ ಬದುಕಿಂದ ನಮ್ಮ ಸಿಮ್ಯುಲೇಶನ್ನಿಗೆ ಎರಡು ಪ್ರಶ್ನೆ ಸಿಗುತ್ತವೆ. ಯೂನಿಟ್ ಎಷ್ಟು ಅನ್ನೋದರ ಜೊತೆಗೆ, ಯಾವ ಹೊತ್ತಿಗೆ? ಬೇಡಿಕೆಯ ಅಂದಾಜು ತಪ್ಪಿದರೆ ನಷ್ಟ ಯಾರ ತಲೆಗೆ? ಮೊದಲನೆಯದಕ್ಕೆ ಇನ್ಸಲ್ ಉತ್ತರ ಕೊಟ್ಟರು. ಎರಡನೆಯದನ್ನು ಗಿರಾಕಿಗೂ ಹೂಡಿಕೆದಾರನಿಗೂ ಕಾಣೋ ಹಾಗೆ ಬರೆದಿಡೋದು ನಮ್ಮ ಕೆಲಸ.