ನಿಯಮದಿಂದ ಯಮಕ್ಕೆ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು

ಎಲ್ಲೆಯಿಲ್ಲದೆ ಬಾಳುವ ಮನುಷ್ಯನಿಲ್ಲ. ಇದನ್ನು ಉಣ್ಣುವೆನು, ಅದನ್ನು ಒಲ್ಲೆನು, ಇಲ್ಲಿಯವರೆಗೆ ಹೋಗುವೆನು, ಇಷ್ಟು ಗಳಿಸುವೆನು ಎಂಬ ಗೆರೆಗಳ ಒಳಗೇ ಪ್ರತಿಯೊಬ್ಬನ ದಿನವೂ ಸಾಗುತ್ತದೆ. ಅವುಗಳಲ್ಲಿ ಬಹುಪಾಲು ರೂಢಿಯಿಂದಲೋ ಅಂಜಿಕೆಯಿಂದಲೋ ನಾಲಗೆಯ ಚಪಲದಿಂದಲೋ ತಾವಾಗಿ ಬಿದ್ದಂಥವು. ಎಳೆದುಕೊಂಡವನಿಗೇ ಅವುಗಳ ಅರಿವಿರುವುದಿಲ್ಲ. ದೊರೆಯದಿದ್ದುದನ್ನು ಬಿಟ್ಟರೆ ವ್ರತವಾಗದು. ಭೋಗಯೋಗ್ಯವಾದುದನ್ನು ಸಂಕಲ್ಪಪೂರ್ವಕವಾಗಿ ಬಿಡುವುದನ್ನೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವ್ರತವೆಂದಿದ್ದಾರೆ. ಕಾಲದ ಮಿತಿಯುಳ್ಳ ತ್ಯಾಗವು ನಿಯಮ, ಬಾಳಿನುದ್ದಕ್ಕೂ ನಿಲ್ಲುವ ತ್ಯಾಗವು ಯಮ. ಇವೆರಡರ ಅರ್ಥವನ್ನು ನಡೆದು ತೋರಿಸಿದವರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು.

ದೂಧಗಂಗಾ ವೇದಗಂಗಾ ನದಿಗಳ ಸಂಗಮದ ಸಮೀಪದಲ್ಲಿರುವ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನ ಅವರದು. 1872ರಲ್ಲಿ ತಾಯಿಯ ತವರಾದ ಯಳಗುಡದಲ್ಲಿ ಜನನ. ತಂದೆ ಭೀಮಗೌಡರು, ತಾಯಿ ಸತ್ಯವತಿಯವರು. ಮಗುವಿಗಿಟ್ಟ ಹೆಸರು ಸಾತಗೌಡ. ಅಂದಿನ ಪದ್ಧತಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು. ವಧು ಅಲ್ಪಕಾಲದಲ್ಲಿಯೇ ತೀರಿಕೊಂಡಳು. ಮನೆಯವರು ಮುಂದೆ ಎಷ್ಟು ಒತ್ತಾಯಿಸಿದರೂ ಸಾತಗೌಡರು ಮರುವಿವಾಹಕ್ಕೆ ಒಪ್ಪದೆ ಬ್ರಹ್ಮಚರ್ಯವನ್ನೇ ಆರಿಸಿಕೊಂಡರು.

ಹದಿಹರೆಯದಲ್ಲಿಯೇ ಅವರಿಗೆ ಮುನಿದೀಕ್ಷೆಯ ಹಂಬಲ ಹುಟ್ಟಿತ್ತು. ಆದರೆ ತಾವು ಜೀವಿಸಿರುವವರೆಗೆ ಮನೆಯಲ್ಲಿರಬೇಕೆಂದು ತಂದೆ ಕೇಳಿಕೊಂಡರು. ಮಗ ಆ ಮಾತನ್ನೂ ಒಂದು ಎಲ್ಲೆಯೆಂದೇ ಸ್ವೀಕರಿಸಿದರು. ಹೊಲದ ಕೆಲಸ, ಬಟ್ಟೆಯಂಗಡಿಯ ವ್ಯವಹಾರ ಎರಡನ್ನೂ ನೋಡಿಕೊಳ್ಳುತ್ತ, ಬಿಡಲಾಗದ ಮನೆಯ ಒಳಗೇ ಬಿಡಬಹುದಾದುದನ್ನು ಒಂದೊಂದಾಗಿ ಬಿಡುತ್ತ ಬಂದರು. ಸುಮಾರು 32ನೆಯ ವಯಸ್ಸಿನಲ್ಲಿ ಸಮ್ಮೇದಶಿಖರಜಿಯ ಯಾತ್ರೆ ಮಾಡಿದಾಗ ತುಪ್ಪ ಮತ್ತು ಎಣ್ಣೆಗಳನ್ನು ಆಜೀವ ತ್ಯಜಿಸಿದರು. ಹಿಂದಿರುಗಿದ ಮೇಲೆ ದಿನಕ್ಕೆ ಒಂದೇ ಊಟವೆಂಬ ನಿಯಮ ಹಿಡಿದರು. ತುಂಬಿದ ಮನೆಯಲ್ಲಿ, ಬಡಿಸುವ ಕೈಗಳ ನಡುವೆ ಈ ವ್ರತಗಳು ಪಕ್ವವಾದವು.

ತಂದೆತಾಯಿಗಳು ಕಾಲವಾದ ಬಳಿಕ ಶ್ರೀ ದೇವೇಂದ್ರಕೀರ್ತಿ ಸ್ವಾಮಿಗಳಿಂದ ಕ್ಷುಲ್ಲಕದೀಕ್ಷೆ ಪಡೆದರು. 1920ರಲ್ಲಿ ಯರನಾಳದಲ್ಲಿ ದಿಗಂಬರ ಮುನಿದೀಕ್ಷೆಯಾಯಿತು. 1924ರಲ್ಲಿ ಸಮಡೋಳಿಯಲ್ಲಿ ಸಂಘವು ಅವರಿಗೆ ಆಚಾರ್ಯಪದವಿಯನ್ನಿತ್ತಿತು. 1927ರಲ್ಲಿ ಸಂಘಸಹಿತರಾಗಿ ಕಾಲ್ನಡಿಗೆಯಲ್ಲಿ ಉತ್ತರದತ್ತ ಹೊರಟರು. ದಿಗಂಬರ ಮುನಿಗಳ ವಿಹಾರವನ್ನು ಬಹುಕಾಲ ಕಾಣದಿದ್ದ ಪ್ರಾಂತಗಳು ಅವರ ಚರ್ಯೆಯನ್ನು ಕಣ್ಣಾರೆ ಕಂಡವು. ಮುನಿಜೀವನದ 35 ವರ್ಷಗಳಲ್ಲಿ ಅವರು ಕೈಗೊಂಡ ಉಪವಾಸಗಳು 9,938 ಎಂದು ಭಕ್ತಸಮಾಜದಲ್ಲಿ ಎಣಿಕೆಯುಂಟು. ಧವಲಾದಿ ಸಿದ್ಧಾಂತಗ್ರಂಥಗಳು ತಾಮ್ರಪಟಗಳ ಮೇಲೆ ಅಚ್ಚಳಿಯದೆ ಉಳಿದುದೂ ಅವರ ಪ್ರೇರಣೆಯಿಂದಲೇ.

ವೃದ್ಧಾಪ್ಯದಲ್ಲಿ ಕಣ್ಣಿನ ಬೆಳಕು ಕುಂದತೊಡಗಿತು. ಗೃಹಸ್ಥನಿಗೆ ಇದು ಕೇವಲ ದೇಹದ ತೊಂದರೆ. ಕೈಹಿಡಿದು ನಡೆಸುವವರಿದ್ದರೆ ಸಾಕು. ಮುನಿಗೆ ಅಷ್ಟರಿಂದ ಮುಗಿಯದು. ಮುಂದಿನ ನೆಲವನ್ನು ನೋಡಿ ಅಡಿಯಿಡುವುದು ಈರ್ಯಾಸಮಿತಿ. ಅಂಜಲಿಗೆ ಬಿದ್ದ ಆಹಾರವನ್ನು ಶೋಧಿಸಿ ಸ್ವೀಕರಿಸುವುದು ಏಷಣಾಸಮಿತಿ. ಸೇವೆಗೆ ಸಾವಿರ ಭಕ್ತರು ಸಿದ್ಧರಿದ್ದರು. ಆದರೆ ಕಾಲ ಕೆಳಗಿನ ಇರುವೆಯನ್ನು ಕಾಣಬೇಕಾದುದು ನಡೆಯುವವನ ಕಣ್ಣು. ಆ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಲು ಅವರ ಮನಸ್ಸು ಒಪ್ಪಲಿಲ್ಲ. ದೇಹವನ್ನು ಉಳಿಸಿಕೊಳ್ಳಲು ವ್ರತವನ್ನು ಸಡಿಲಿಸುವುದೋ, ವ್ರತವನ್ನು ಉಳಿಸಿಕೊಳ್ಳಲು ದೇಹದ ಮಮತೆಯನ್ನು ಬಿಡುವುದೋ ಎಂಬ ಪ್ರಶ್ನೆಗೆ ಅವರು ಎರಡನೆಯ ದಾರಿಯನ್ನೇ ಉತ್ತರವಾಗಿ ಆರಿಸಿದರು.

ದೇಶಭೂಷಣ ಕುಲಭೂಷಣ ಮುನಿಗಳ ನಿರ್ವಾಣಭೂಮಿಯಾದ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ 1955ರ ಆಗಸ್ಟ್‌ನಲ್ಲಿ ಸಲ್ಲೇಖನಾವ್ರತವನ್ನು ಕೈಗೊಂಡರು. ಆಚಾರ್ಯಪದವೂ ಒಂದು ಪರಿಗ್ರಹವಾಗಬಾರದೆಂದು ಅದನ್ನು ಶಿಷ್ಯರಾದ ಶ್ರೀ ವೀರಸಾಗರ ಮುನಿಗಳಿಗೆ ಒಪ್ಪಿಸಿದರು. ಆಹಾರ ಮೊದಲೇ ಹೋಗಿತ್ತು; ಕೊನೆಗೆ ನೀರೂ ನಿಂತಿತು. ಸೆಪ್ಟೆಂಬರ್ 18ರ ಬೆಳಗ್ಗೆ, ಸಲ್ಲೇಖನೆಯ 36ನೆಯ ದಿನ, ಸಮಾಧಿಮರಣವನ್ನು ಹೊಂದಿದರು.

ತುಪ್ಪ ಎಣ್ಣೆಗಳ ಮುಂದೆ ಎಳೆದ ಗೆರೆಯೇ ಅರ್ಧಶತಮಾನದ ಬಳಿಕ ಅನ್ನನೀರುಗಳ ಮುಂದೆಯೂ ನಿಂತಿತು. ಮುನಿಗಳ ಯಮವು ಶ್ರಾವಕನಿಗೆ ದೂರದ ಶಿಖರ. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಊಟ, ಕಂದಮೂಲಗಳ ವರ್ಜನೆ ಇವು ಜೈನರ ಮನೆಗಳಲ್ಲಿ ಇಂದಿಗೂ ಇರುವ ಎಲ್ಲೆಗಳೇ. ಹಿರಿಯರ ರೂಢಿಯೆಂದು ನಡೆದರೆ ಅವು ಬರಿಯ ವಾಡಿಕೆ. ತನ್ನದೆಂದು ಅರಿತು ಒಂದು ದಿನಕ್ಕಾದರೂ ಸಂಕಲ್ಪಿಸಿದರೆ ಅದೇ ನಿಯಮ. ಭೋಜದ ಸಾತಗೌಡರು ಮೊದಲು ಮೆಟ್ಟಿದ್ದು ಆ ಮೆಟ್ಟಿಲನ್ನೇ.